ಖಿನ್ನತೆಯ ಮಾತ್ರೆ, ಪೈಲಟ್ ಮೆಡಿಕಲ್: ದರೋಜಿ ಸೀಮೆಯ ಮಕ್ಕಳಿಗೆ ಯಶಸ್ಸಿನ ಸೂತ್ರಗಳು

2017ರಲ್ಲಿ ಉಡಾನ್ ಯೋಜನೆಯ ವಿಮಾನಗಳು ತೋರಣಗಲ್ಲಿನ ವಿದ್ಯಾನಗರಕ್ಕೆ ಬರತೊಡಗಿದ ಮೇಲೆ ದರೋಜಿ, ಸಂಡೂರು, ಕಂಪ್ಲಿ, ಹೊಸಪೇಟೆಯ ಮಕ್ಕಳಿಗೆ ವಿಮಾನ ಹತ್ತಿರವಾಗಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿದವರಿಗೆ ಜಕ್ಕೂರು, ಮೈಸೂರು, ಬೆಳಗಾವಿ, ಕಲಬುರಗಿಯಲ್ಲಿ ಫ್ಲೈಯಿಂಗ್ ಸ್ಕೂಲ್‌ಗಳಿವೆ. ಆದರೆ ಪೈಲಟ್ ಆಗಬೇಕೆಂದಿರುವ ಕೆಲವರು ಒಂದು ಪ್ರಶ್ನೆಯನ್ನು ಯಾರ ಮುಂದೆಯೂ ಎತ್ತುವುದಿಲ್ಲ: ‘ಹಿಂದೆ ಖಿನ್ನತೆಗೆ ಮಾತ್ರೆ ನುಂಗಿದ್ದೆ. ನನಗೆ ಮೆಡಿಕಲ್ ಸಿಗುತ್ತದೆಯೇ?’

ಮೆಡಿಕಲ್, ಅಂದರೆ ಪೈಲಟ್‌ಗೆ ಬೇಕಾದ ವೈದ್ಯಕೀಯ ಪ್ರಮಾಣಪತ್ರ, ಸಿಗುವ ಸಾಧ್ಯತೆ ಇದೆ. ಅದಕ್ಕೊಂದು ಕ್ರಮವೂ ಇದೆ. ಮೊದಲು ಗುಣವಾಗಬೇಕು, ಆಮೇಲೆ ಕಾಗದಪತ್ರ ಕೂಡಿಸಬೇಕು, ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಈ ಕ್ರಮ ತಪ್ಪಿದರೆ ಸಿಗಬಹುದಾದದ್ದೂ ಕೈತಪ್ಪುತ್ತದೆ.

1. ಮೆಡಿಕಲ್ ಹತ್ತಿರ ಬಂತೆಂದು ಮಾತ್ರೆ ಬಿಡಬೇಡಿ

ಎಲ್ಲಕ್ಕಿಂತ ಮೊದಲು ಹೇಳಬೇಕಾದ ಮಾತು ಇದು. ಖಿನ್ನತೆ ಮೊದಲ ಸಲ ಬಂದಾಗ, ಲಕ್ಷಣಗಳೆಲ್ಲ ಹೋದ ಮೇಲೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಮಾತ್ರೆ ಮುಂದುವರಿಸಲು ವೈದ್ಯರು ಹೇಳುತ್ತಾರೆ. ಬೇಗ ಬಿಟ್ಟವರಿಗೆ ಕಾಯಿಲೆ ಮರಳುವ ಸಂಭವ ಹೆಚ್ಚು. ಒಮ್ಮೆಲೇ ಬಿಟ್ಟರೆ ತಲೆಸುತ್ತು, ವಾಕರಿಕೆ, ನಿದ್ದೆಗೇಡು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಆಗಬಹುದು. ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ತೆಗೆದುಕೊಳ್ಳುತ್ತಿದ್ದವರಿಗೆ ಇದು ಜಾಸ್ತಿ. ಫ್ಲುಕ್ಸೆಟಿನ್ ಬೇರೆ ಥರ: ಬಿಟ್ಟ ಮೇಲೂ ವಾರಗಟ್ಟಲೆ ದೇಹದಲ್ಲಿ ಉಳಿದಿರುತ್ತದೆ. ಹಾಗಾಗಿ ‘ಬಿಟ್ಟು ವಾರವಾಯಿತು, ಏನೂ ಆಗಿಲ್ಲ’ ಎಂಬ ಧೈರ್ಯವನ್ನು ನೆಚ್ಚುವಂತಿಲ್ಲ.

ಡೋಸ್ ಇಳಿಸುವುದು, ನಿಲ್ಲಿಸುವುದು ಚಿಕಿತ್ಸೆ ಕೊಟ್ಟ ಮನೋವೈದ್ಯರ ಕೆಲಸ. ಮಾತ್ರೆ ಬಿಟ್ಟು ಎಷ್ಟು ದಿನವಾಯಿತು ಎಂಬುದರ ಜೊತೆಗೆ, ಬಿಟ್ಟ ಮೇಲೆ ಹೇಗಿದ್ದೀರಿ ಎಂದು ಪೈಲಟ್‌ಗಳ ಅರ್ಹತೆ ನೋಡುವ ವೈದ್ಯಕೀಯ ಮಂಡಳಿ ಕೇಳುತ್ತದೆ. ವಾಣಿಜ್ಯ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್‌ಗೆ ಕನಿಷ್ಠ ವಯಸ್ಸು 18. ವಿಮಾನಯಾನ ಕಂಪನಿಗಳಲ್ಲಿ 65ರ ತನಕ ಹಾರಿಸಬಹುದು. ಅಷ್ಟು ದೀರ್ಘ ವೃತ್ತಿಯಲ್ಲಿ ಗುಣವಾಗಲು ಕೊಟ್ಟ ಒಂದು ವರ್ಷ ಏನೂ ಅಲ್ಲ.

2. ನಾಚಿಕೆ ಬಿಡಿ, ಈ ಚಿಕಿತ್ಸೆಗೆ ದೇಶಕ್ಕೆ ದಾರಿ ತೋರಿಸಿದ್ದೇ ನಿಮ್ಮ ಜಿಲ್ಲೆ

ನಮ್ಮ ಕಡೆ ‘ಅವನು ಧಾರವಾಡಕ್ಕೆ ಹೋಗಿ ಬಂದಾನ’ ಎಂದರೆ ಸಾಕು, ಅಲ್ಲಿನ ಮಾನಸಿಕ ಆಸ್ಪತ್ರೆಯ ನೆನಪಾಗಿ ಸಂಬಂಧ ಕೇಳಿಕೊಂಡು ಬಂದವರು ಹಿಂದೆ ಸರಿಯುತ್ತಾರೆ. ಆ ಭಯವೇ ಮಕ್ಕಳನ್ನು ಮೆಡಿಕಲ್ ಫಾರಂನಲ್ಲೂ ಸುಳ್ಳು ಬರೆಯುವಂತೆ ಮಾಡುತ್ತದೆ. ಆದರೆ ಈ ಸೀಮೆಯ ಇನ್ನೊಂದು ಚರಿತ್ರೆ ಗೊತ್ತಿರಬೇಕು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದಾಗ, ದೊಡ್ಡ ಆಸ್ಪತ್ರೆಗಳಲ್ಲಷ್ಟೇ ಸಿಗುತ್ತಿದ್ದ ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತರುವುದು ಹೇಗೆಂದು ಪರೀಕ್ಷಿಸಲು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯನ್ನು. ಎಂಬತ್ತರ ದಶಕದ ನಡುವಿನಿಂದ ಇಲ್ಲಿನ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಖಿನ್ನತೆ, ಮನೋರೋಗ, ಮೂರ್ಛೆರೋಗ ಗುರುತಿಸಿ ಮಾತ್ರೆ ಕೊಡುವ ತರಬೇತಿ ಸಿಕ್ಕಿತು. ಅದೇ ‘ಬಳ್ಳಾರಿ ಮಾದರಿ’. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ತಳಹದಿ. ದರೋಜಿ ಅಂದೂ ಇಂದೂ ಇದೇ ಜಿಲ್ಲೆಯ ಸಂಡೂರು ತಾಲ್ಲೂಕಿನಲ್ಲಿದೆ. ಹೊಸಪೇಟೆ 2021ರಲ್ಲಷ್ಟೇ ವಿಜಯನಗರ ಜಿಲ್ಲೆಗೆ ಸೇರಿತು.

ಅಂದಮೇಲೆ ಇಲ್ಲಿಯ ಹುಡುಗಿಯೊಬ್ಬಳು ಆರೋಗ್ಯ ಕೇಂದ್ರದಲ್ಲಿ ಖಿನ್ನತೆಗೆ ಮಾತ್ರೆ ತೆಗೆದುಕೊಂಡಿದ್ದರೆ ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ? ಇಂಥ ಕಾಯಿಲೆಗಳ ಬಗ್ಗೆ ಕನ್ನಡದಲ್ಲೇ ಓದಬೇಕೆಂದರೆ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ, 2024ರಲ್ಲಿ ಪದ್ಮಶ್ರೀ ಪಡೆದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಸಾಕಷ್ಟಿವೆ. ಮೆಡಿಕಲ್‌ಗೆ ಹೋಗುವ ಮುನ್ನ ಒಂದನ್ನಾದರೂ ಮನೆಮಂದಿಯೆಲ್ಲ ಓದಿ.

3. ಮಾತ್ರೆ ಯಾತಕ್ಕೆ ಕೊಟ್ಟಿದ್ದರು, ತಿಳಿದುಕೊಳ್ಳಿ

ಖಿನ್ನತೆಯ ಮಾತ್ರೆ ನುಂಗಿದವರಿಗೆಲ್ಲ ಖಿನ್ನತೆ ಇತ್ತೆಂದು ಅರ್ಥವಲ್ಲ. ಅಮಿಟ್ರಿಪ್ಟಿಲಿನ್ ಅನ್ನು ಅರೆತಲೆನೋವಿಗೂ ನರದ ನೋವಿಗೂ ಬರೆಯುತ್ತಾರೆ. ಡುಲಾಕ್ಸೆಟಿನ್ ಅನ್ನು ಸಕ್ಕರೆ ಕಾಯಿಲೆಯವರ ಕಾಲುರಿಗೆ ಕೊಡುತ್ತಾರೆ. ಪರೀಕ್ಷೆಯ ಭಯಕ್ಕೆ, ತಂದೆ ತೀರಿಹೋದ ದುಃಖಕ್ಕೆ ಎರಡು ತಿಂಗಳು ಕೊಟ್ಟದ್ದೂ ಇರಬಹುದು. ಮಂಡಳಿ ನೋಡುವುದು ರೋಗನಿರ್ಣಯವನ್ನು. ಪರಿಸ್ಥಿತಿಯ ಒತ್ತಡಕ್ಕೆ ಬಂದು ಹೋದ ತೊಂದರೆ ಒಂದು, ಒಂದೇ ಸಲ ಬಂದ ಖಿನ್ನತೆ ಇನ್ನೊಂದು, ಮತ್ತೆ ಮತ್ತೆ ಮರುಕಳಿಸುವ ಖಿನ್ನತೆ ಮಗದೊಂದು. ಚೀಟಿಯಲ್ಲಿ ರೋಗದ ಹೆಸರೇ ಇಲ್ಲದೆ ಬರೀ ಮಾತ್ರೆಯ ಹೆಸರಿದ್ದರೆ ಕೊಟ್ಟ ವೈದ್ಯರ ಬಳಿ ಹೋಗಿ ಬರೆಸಿಕೊಳ್ಳಿ.

ಇಲ್ಲೊಂದು ಕಟುಸತ್ಯವನ್ನೂ ಹೇಳಬೇಕು. ಬೈಪೋಲಾರ್ ಕಾಯಿಲೆ, ಸ್ಕಿಜೋಫ್ರೇನಿಯಾದಂಥ ಮನೋರೋಗ ಎಂದು ನಿರ್ಣಯವಾಗಿದ್ದರೆ ಕಾಕ್‌ಪಿಟ್‌ನ ಬಾಗಿಲು ಬಹುತೇಕ ಮುಚ್ಚಿದಂತೆ. ಅಂಥವರು ಹದಿಮೂರನೇ ಸೂತ್ರ ಓದಿ.

4. ಸ್ಟ್ರಿಪ್ಪಿನ ಹಿಂಭಾಗ ಓದಿ

ನಮ್ಮ ದೇಶದಲ್ಲಿ ಎರಡು ಔಷಧ ಬೆರೆಸಿದ ಮಾತ್ರೆಗಳು ಧಾರಾಳ. ಎಸ್ಸಿಟಾಲೋಪ್ರಾಮ್ ಜೊತೆ ಕ್ಲೊನಾಜೆಪಾಮ್, ಅಮಿಟ್ರಿಪ್ಟಿಲಿನ್ ಜೊತೆ ಕ್ಲೋರ್‌ಡಯಾಜೆಪಾಕ್ಸೈಡ್ ಒಂದೇ ಗುಳಿಗೆಯಲ್ಲಿ ಬರುತ್ತವೆ. ಹೆಸರಿನ ಮುಂದೆ ‘ಪ್ಲಸ್’ ಎಂದಿರಬಹುದು, ಇಲ್ಲದೆಯೂ ಇರಬಹುದು. ಎರಡೂ ಜೋಡಿಯಲ್ಲಿ ಎರಡನೆಯ ಔಷಧ ಬೆಂಜೊಡಯಜೆಪಿನ್ ಗುಂಪಿನದು. ಮಂಪರು ತರುತ್ತದೆ, ಕೈಕಾಲಿನ ಚುರುಕು ಕುಗ್ಗಿಸುತ್ತದೆ, ಅಭ್ಯಾಸವೂ ಹತ್ತುತ್ತದೆ. ವಿಮಾನಯಾನ ಸಿಬ್ಬಂದಿಗೆ 2022ರ ಜನವರಿ 31ರಿಂದ ಜಾರಿಯಲ್ಲಿರುವ ಮಾದಕ ವಸ್ತು ಪರೀಕ್ಷೆಯಲ್ಲಿ ಗಾಂಜಾ, ಕೊಕೇನ್, ಅಫೀಮಿನ ಜೊತೆಗೆ ಬೆಂಜೊಡಯಜೆಪಿನ್‌ಗಳನ್ನೂ ಹುಡುಕುತ್ತಾರೆ. ಅಮ್ಮನಿಗೆ ಬರೆದುಕೊಟ್ಟ ನಿದ್ದೆ ಮಾತ್ರೆಯನ್ನು ಪರೀಕ್ಷೆಯ ಹಿಂದಿನ ರಾತ್ರಿ ನುಂಗುವ ಪರಿಪಾಠವಿದ್ದರೆ ಇವತ್ತೇ ವೈದ್ಯರಿಗೆ ಹೇಳಿ. ದಿನವೂ ತೆಗೆದುಕೊಳ್ಳುತ್ತಿದ್ದರೆ ಇದನ್ನೂ ತಟ್ಟನೆ ಬಿಡಬಾರದು, ಹಂತ ಹಂತವಾಗಿ ಇಳಿಸಬೇಕು.

5. ನಿಯಮ ಏನು ಹೇಳುತ್ತದೆಂದು ತಿಳಿಯಿರಿ

ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಅನುಬಂಧ 1ರ ಚೌಕಟ್ಟಿನಲ್ಲಿ ಕೆಲಸ ಮಾಡುತ್ತದೆ. ಆ ಅನುಬಂಧದ ಶಿಫಾರಸು ಹೀಗಿದೆ: ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವ ಅಭ್ಯರ್ಥಿಯನ್ನು ಅನರ್ಹ ಎಂದೇ ಪರಿಗಣಿಸಬೇಕು, ಆದರೆ ವೈದ್ಯಕೀಯ ಮೌಲ್ಯಮಾಪಕರು ಆ ಪ್ರಕರಣದ ವಿವರಗಳನ್ನೆಲ್ಲ ನೋಡಿ, ಸುರಕ್ಷಿತ ಹಾರಾಟಕ್ಕೆ ಇದರಿಂದ ಅಡ್ಡಿಯಾಗಲಾರದು ಎಂದು ಕಂಡುಕೊಂಡರೆ ಅರ್ಹತೆ ಕೊಡಬಹುದು. ಇಂದು ಮಾತ್ರೆಯಲ್ಲಿದ್ದರೆ ‘ಸದ್ಯಕ್ಕೆ ಅನರ್ಹ’ ಎಂಬ ಉತ್ತರಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿ. ಹಿಂದೆ ಮಾತ್ರೆ ತೆಗೆದುಕೊಂಡು, ಗುಣವಾಗಿ, ವೈದ್ಯರ ಸಲಹೆಯಂತೆ ಬಿಟ್ಟು ಬಹುಕಾಲ ಚೆನ್ನಾಗಿದ್ದರೆ ನಿಮ್ಮ ಮಾತಿಗೆ ಬಲವಿದೆ. ಎರಡರಲ್ಲೂ ತೀರ್ಮಾನವಾಗುವುದು ‘ಪ್ರಕರಣದ ವಿವರ’ದ ಮೇಲೆ. ಆ ವಿವರವನ್ನು ಒದಗಿಸಬೇಕಾದವರು ನೀವು.

ಜಗತ್ತು ಈ ವಿಷಯದಲ್ಲಿ ಮೆಲ್ಲಗೆ ಸಡಿಲವಾಗುತ್ತ ಬಂದಿದೆ. ಆಸ್ಟ್ರೇಲಿಯಾ 1987ರಿಂದಲೇ ಕೆಲವು ಪೈಲಟ್‌ಗಳಿಗೆ ಮಾತ್ರೆ ತೆಗೆದುಕೊಳ್ಳುತ್ತಲೇ ಹಾರಲು ಬಿಟ್ಟಿತು. ಹತ್ತು ವರ್ಷಗಳ ದಾಖಲೆ ತಾಳೆ ನೋಡಿದ ಅಲ್ಲಿನ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಮಾತ್ರೆ ತೆಗೆದುಕೊಂಡವರಿಗೂ ಇತರರಿಗೂ ಅಪಘಾತದಲ್ಲಿ ಗಣನೀಯ ವ್ಯತ್ಯಾಸ ಅದರಲ್ಲಿ ಕಾಣಲಿಲ್ಲ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2010ರ ಏಪ್ರಿಲ್‌ನಲ್ಲಿ ಫ್ಲುಕ್ಸೆಟಿನ್, ಸರ್ಟ್ರಲಿನ್, ಸಿಟಾಲೋಪ್ರಾಮ್, ಎಸ್ಸಿಟಾಲೋಪ್ರಾಮ್ ಎಂಬ ನಾಲ್ಕು ಔಷಧಗಳಿಗೆ ದಾರಿ ತೆರೆಯಿತು. ಆಗ 12 ತಿಂಗಳ ಸ್ಥಿರತೆ ಕೇಳುತ್ತಿದ್ದರು. ಆ ಅವಧಿ ನಂತರ ಇಳಿದಿದೆ, ಔಷಧಗಳ ಪಟ್ಟಿಯೂ ಬೆಳೆದಿದೆ.

6. ಕಾಗದ ಈಗಲೇ ಕೂಡಿಸಿ, ಮೂರು ವರ್ಷದ ಮೇಲೆ ಸಿಗಲಿಕ್ಕಿಲ್ಲ

ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಂತೆ ವೈದ್ಯರು ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಳ್ಳಬೇಕು. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಮಾನಸಿಕ ಆರೋಗ್ಯ ಕಾಯ್ದೆ 2017ರ 25ನೇ ಕಲಂ ಕೂಡ ನಿಮ್ಮ ದಾಖಲೆ ನೋಡುವ ಹಕ್ಕನ್ನು ನಿಮಗೇ ಕೊಟ್ಟಿದೆ. 23ನೇ ಕಲಂ ಅದನ್ನು ಗುಟ್ಟಾಗಿಡುವ ಹೊಣೆಯನ್ನು ಆಸ್ಪತ್ರೆಗೆ ಹೊರಿಸಿದೆ. ಒಂದು ಅರ್ಜಿ ಬರೆದುಕೊಡಿ, ಸ್ವೀಕೃತಿ ತೆಗೆದುಕೊಳ್ಳಿ.

ಏನೇನು ಬೇಕು? ಹೊರರೋಗಿ ಚೀಟಿಗಳು, ಆಸ್ಪತ್ರೆಯಲ್ಲಿದ್ದರೆ ಡಿಸ್ಚಾರ್ಜ್ ಸಾರಾಂಶ, ಮಾತ್ರೆ ಬದಲಿಸಿದ ತಾರೀಖುಗಳು, ಔಷಧ ಅಂಗಡಿಯ ಬಿಲ್ಲು, ಆಪ್ತ ಸಮಾಲೋಚಕರ ಬಳಿ ಹೋಗಿದ್ದರೆ ಅದರ ಒಂದು ಪುಟದ ಟಿಪ್ಪಣಿ. ಜೊತೆಗೆ ಆ ಅವಧಿಯಲ್ಲಿ ನೀವು ಬದುಕನ್ನು ಹೇಗೆ ನಡೆಸಿದಿರಿ ಎಂಬುದಕ್ಕೆ ಸಾಕ್ಷಿ: ಕಾಲೇಜಿನ ಹಾಜರಿ, ಅಂಕಪಟ್ಟಿ, ಕೆಲಸ ಮಾಡಿದ್ದರೆ ಅನುಭವ ಪತ್ರ. ಮಾತ್ರೆ ತೆಗೆದುಕೊಳ್ಳುತ್ತಲೇ ಪಿಯುಸಿ ಮುಗಿಸಿದ್ದರೆ ಅದನ್ನು ಹೆಮ್ಮೆಯಿಂದ ಫೈಲಿಗೆ ಸೇರಿಸಿ.

7. ಮನೋವೈದ್ಯರ ಪತ್ರ ಎರಡು ಸಾಲಿನದಾಗಿರಬಾರದು

‘ಇವರು ಫಿಟ್ ಆಗಿದ್ದಾರೆ’ ಎಂಬ ಚೀಟಿಗೆ ಮಂಡಳಿಯ ಮುಂದೆ ತೂಕವಿಲ್ಲ. ಪತ್ರದಲ್ಲಿ ಇವಿಷ್ಟು ಇರಲಿ: ರೋಗದ ಹೆಸರು ಮತ್ತು ಅಂತಾರಾಷ್ಟ್ರೀಯ ವರ್ಗೀಕರಣದ ಸಂಕೇತ, ಶುರುವಾದ ತಿಂಗಳು, ಕಾರಣ ಗೊತ್ತಿದ್ದರೆ ಕಾರಣ, ಕೊಟ್ಟ ಔಷಧ, ಡೋಸ್, ಅಡ್ಡಪರಿಣಾಮ, ಗುಣವಾದ ತಿಂಗಳು, ಮಾತ್ರೆ ಇಳಿಸಿದ ಬಗೆ, ಪೂರ್ತಿ ನಿಲ್ಲಿಸಿದ ದಿನ, ಆಮೇಲೆ ಮರುಕಳಿಸಿದೆಯೇ ಇಲ್ಲವೇ. ಆತ್ಮಹತ್ಯೆಯ ಯೋಚನೆ ಬಂದಿತ್ತೇ, ಭ್ರಮೆಗಳಿದ್ದವೇ, ಮದ್ಯದ ಚಟವಿತ್ತೇ, ಮನೆಯಲ್ಲಿ ಬೇರೆಯವರಿಗೆ ಇಂಥ ಕಾಯಿಲೆ ಇದೆಯೇ ಎಂಬುದಕ್ಕೆ ನೇರ ಉತ್ತರ. ಕೊನೆಗೆ ಇತ್ತೀಚಿನ ತಪಾಸಣೆಯ ಫಲಿತಾಂಶ, ಖಿನ್ನತೆ ಅಳೆಯುವ ಮಾಪಕದ ಅಂಕ ಸಮೇತ.

ಹೊರರೋಗಿ ವಿಭಾಗದ ಗದ್ದಲದಲ್ಲಿ ಇಷ್ಟು ಬರೆಯಲು ವೈದ್ಯರಿಗೆ ಪುರುಸೊತ್ತಿರುವುದಿಲ್ಲ. ನೀವೇ ತಾರೀಖುಗಳ ಪಟ್ಟಿ ಮಾಡಿಕೊಂಡು ಹೋಗಿ, ಮುಂದಿನ ವಾರ ಬಂದು ಪತ್ರ ಒಯ್ಯುತ್ತೇನೆಂದು ವಿನಯದಿಂದ ಕೇಳಿ. ಮೊದಲು ನೋಡಿದ ವೈದ್ಯರು ವರ್ಗವಾಗಿ ಹೋಗಿದ್ದರೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ಜನ ಇಂದಿಗೂ ವಿಮ್ಸ್ ಎಂದೇ ಕರೆಯುತ್ತಾರೆ. ಧಾರವಾಡದ ಡಿಮ್ಹಾನ್ಸ್ ಇದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ. ಹಳೆಯ ಚೀಟಿಗಳನ್ನು ತೋರಿಸಿ ಹೊಸದಾಗಿ ತಪಾಸಣೆ ಮಾಡಿಸಿಕೊಳ್ಳಿ.

8. ಫಾರಂನಲ್ಲಿ ಸುಳ್ಳು ಬರೆಯಬೇಡಿ, ಯಾರು ಹೇಳಿದರೂ ಬರೆಯಬೇಡಿ

‘ನೋ ಅಂತ ಟಿಕ್ ಮಾಡಿ ಸಾರ್, ಯಾರಿಗೆ ಗೊತ್ತಾಗುತ್ತೆ’ ಎನ್ನುವ ಏಜೆಂಟರು ಸಿಗುತ್ತಾರೆ. ಅವರ ಕಮಿಷನ್ ಅಂದೇ ಕೈಸೇರುತ್ತದೆ, ನಿಮ್ಮ ಸುಳ್ಳು ಮಾತ್ರ ವೃತ್ತಿಯುದ್ದಕ್ಕೂ ನಿಮ್ಮ ಜೊತೆಗಿರುತ್ತದೆ. ಮಾಹಿತಿ ಮುಚ್ಚಿಟ್ಟು, ತಪ್ಪು ಮಾಹಿತಿ ಕೊಟ್ಟು ಪಡೆದ ಲೈಸೆನ್ಸನ್ನು ಅಮಾನತು ಮಾಡುವ, ರದ್ದುಪಡಿಸುವ ಅಧಿಕಾರವನ್ನು 1937ರ ವಿಮಾನ ನಿಯಮಗಳ 19ನೇ ನಿಯಮ ಕೊಟ್ಟಿದೆ. ವಿಮೆಯ ಕ್ಲೇಮು, ಆಸ್ಪತ್ರೆಯ ಕಂಪ್ಯೂಟರು, ಆರೋಗ್ಯ ಖಾತೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತಿರುವ ಕಾಲವಿದು. ಅಮೆರಿಕದಲ್ಲಿ ಮಾಜಿ ಸೈನಿಕರ ಅಂಗವೈಕಲ್ಯ ಭತ್ಯೆಯ ದಾಖಲೆಯನ್ನು ಪೈಲಟ್ ಮೆಡಿಕಲ್ ದಾಖಲೆಯೊಂದಿಗೆ ತಾಳೆ ನೋಡಿದಾಗ ಸುಮಾರು 4,800 ಪೈಲಟ್‌ಗಳ ಮೇಲೆ ವಿಚಾರಣೆ ನಡೆದ ಸಂಗತಿ 2023ರಲ್ಲಿ ಬಯಲಾಯಿತು. ಭತ್ಯೆ ಕೇಳುವಾಗ ಕಾಯಿಲೆ ಇದೆ ಎಂದವರು ಮೆಡಿಕಲ್‌ನಲ್ಲಿ ಅದನ್ನು ಹೇಳಿರಲಿಲ್ಲ ಎಂಬ ಶಂಕೆ.

ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನವನ್ನು ಸಹ ಪೈಲಟ್ ಫ್ರಾನ್ಸಿನ ಆಲ್ಪ್ಸ್ ಬೆಟ್ಟಕ್ಕೆ ಅಪ್ಪಳಿಸಿದ. 150 ಜನ ಸತ್ತರು. ಆತನಿಗೆ ತರಬೇತಿಯ ದಿನಗಳಲ್ಲೇ ಖಿನ್ನತೆ ಬಂದಿತ್ತು, ಗುಣವಾದ ಮೇಲೆ 2009ರಲ್ಲಿ ಷರತ್ತಿನೊಂದಿಗೆ ಮೆಡಿಕಲ್ ಸಿಕ್ಕಿತ್ತು. ಅನಾಹುತಕ್ಕೆ ದಾರಿಯಾದದ್ದು ಆ ಹಳೆಯ ಪ್ರಮಾಣಪತ್ರವಲ್ಲ. ಕಾಯಿಲೆ ಮರಳಿ ಬಂದಾಗ ಅದು ಕಂಪನಿಗೆ ತಿಳಿಯಲಿಲ್ಲ. ವೈದ್ಯರು ಕೊಟ್ಟ ರಜೆಯ ಚೀಟಿಗಳು ಅವನ ಬಳಿಯೇ ಉಳಿದವು. ಲೈಸೆನ್ಸ್ ಹೋದರೆ ಸಂಬಳವೂ ಹೋಗುತ್ತದೆಂಬ ಭಯ ಪೈಲಟ್‌ಗಳ ಬಾಯಿ ಕಟ್ಟುತ್ತದೆ ಎಂದು ಫ್ರಾನ್ಸಿನ ತನಿಖಾ ಸಂಸ್ಥೆ 2016ರ ವರದಿಯಲ್ಲಿ ಗುರುತಿಸಿತು. ಫಾರಂ ತುಂಬುವಾಗ ಹಿಂದಿನ ಸೀಟಿನಲ್ಲಿ ಕೂರುವ ಜನರನ್ನು ನೆನೆಯಿರಿ.

9. ಫೀಸು ಕಟ್ಟುವ ಮೊದಲು ಕ್ಲಾಸ್ 1 ಮುಗಿಸಿ

ಪೋಷಕರೇ, ಇದು ನಿಮಗೆ. ಸಿಪಿಎಲ್‌ಗೆ 200 ಗಂಟೆ ಹಾರಾಟ ಬೇಕು, ಖರ್ಚು 50 ಲಕ್ಷಕ್ಕೆ ಕಡಿಮೆಯಾಗುವುದು ಕಷ್ಟ. ಕಂಪ್ಲಿಯ ಗದ್ದೆ ಅಡವಿಟ್ಟು, ಮೊದಲ ಕಂತು ಕಟ್ಟಿ, ಆಮೇಲೆ ಮೆಡಿಕಲ್‌ಗೆ ಹೋಗಬೇಡಿ. ಮೊದಲು ಕ್ಲಾಸ್ 2 ಮೆಡಿಕಲ್. ಅದನ್ನು ಡಿಜಿಸಿಎ ಮಾನ್ಯ ಮಾಡಿದ ವೈದ್ಯರು ಮಾಡುತ್ತಾರೆ, ಪಟ್ಟಿ ಡಿಜಿಸಿಎ ಜಾಲತಾಣದಲ್ಲಿದೆ, ಅರ್ಜಿ ಇಜಿಸಿಎ ಪೋರ್ಟಲ್‌ನಲ್ಲಿ. ಅದರ ಮೇಲೆ ಕ್ಲಾಸ್ 1. ವಾಣಿಜ್ಯ ಪೈಲಟ್‌ಗೆ ಬೇಕಾದದ್ದು ಇದು. ಹಾರಾಟಕ್ಕೂ ದೇಹಮನಸ್ಸಿಗೂ ಇರುವ ಸಂಬಂಧವನ್ನು ದೇಶದಲ್ಲಿ ಬಹಳ ಚೆನ್ನಾಗಿ ಬಲ್ಲ ಜಾಗವೊಂದು ನಮ್ಮ ರಾಜ್ಯದಲ್ಲೇ ಇದೆ: ಬೆಂಗಳೂರಿನ ವಿಮಾನಪುರದಲ್ಲಿ 1957ರಲ್ಲಿ ಆರಂಭವಾದ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ, ಐಎಎಂ. ಗಗನಯಾನದ ಯಾತ್ರಿಗಳ ವೈದ್ಯಕೀಯ ಆಯ್ಕೆ ನಡೆದದ್ದೂ ಇಲ್ಲೇ. ದಿಲ್ಲಿಯಲ್ಲಿ ವಾಯುಪಡೆಯ ಕೇಂದ್ರೀಯ ವೈದ್ಯಕೀಯ ಸಂಸ್ಥೆ, ಎಎಫ್‌ಸಿಎಂಇ ಇದೆ. ಕ್ಲಾಸ್ 1 ಕೈಗೆ ಬರುವ ತನಕ ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ. ‘ಸೀಟು ಹೋಗುತ್ತದೆ’ ಎಂದು ಅವಸರಪಡಿಸುವ ಶಾಲೆಯನ್ನು ಬಿಟ್ಟು ಇನ್ನೊಂದನ್ನು ನೋಡಿ.

10. ರೈಲಿಳಿದು ನೇರ ಪರೀಕ್ಷೆಗೆ ಹೋಗಬೇಡಿ

ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ನಿದ್ದೆಗೆಟ್ಟ ಕಣ್ಣಲ್ಲಿ ಬೆಳಗ್ಗೆ ಬೆಂಗಳೂರಿನಲ್ಲಿಳಿದು ರಕ್ತದೊತ್ತಡ ತೋರಿಸಿದರೆ ಅದು ಏರಿರಬಹುದು. ಒಂದು ದಿನ ಮುಂಚೆ ಹೋಗಿ ಮಲಗಿ. ಕಣ್ಣು, ಬಣ್ಣ ಗುರುತಿಸುವ ಪರೀಕ್ಷೆ, ಕಿವಿ, ಇಸಿಜಿ, ರಕ್ತ, ಮೂತ್ರ ಎಲ್ಲ ಇರುತ್ತವೆ. ಬಣ್ಣಗುರುಡು ಇದೆಯೇ ಎಂದು ಮೊದಲೇ ಊರಲ್ಲೇ ತೋರಿಸಿಕೊಳ್ಳಿ. ಮನಸ್ಸಿನ ಚಿಂತೆಯಲ್ಲಿ ಕಣ್ಣನ್ನು ಮರೆತವರಿದ್ದಾರೆ.

11. ನಿಮ್ಮ ಕಥೆಯನ್ನು ನೀವೇ, ನೆಟ್ಟಗೆ ಹೇಳಲು ಕಲಿಯಿರಿ

ಮಂಡಳಿಯ ಮನೋವೈದ್ಯರು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೇಳಬಹುದು. ತಡವರಿಸಿದರೆ ಮುಚ್ಚಿಡುತ್ತಿದ್ದೀರೆಂದು ಅನ್ನಿಸೀತು. ಯಾವಾಗ ಶುರುವಾಯಿತು, ಏನಾಗುತ್ತಿತ್ತು, ಯಾರ ಬಳಿ ಹೋದಿರಿ, ಏನು ತೆಗೆದುಕೊಂಡಿರಿ, ಯಾವಾಗ ಬಿಟ್ಟಿರಿ, ಈಗ ಹೇಗಿದ್ದೀರಿ: ಆರು ವಾಕ್ಯ ಸಾಕು. ಅದನ್ನು ಗಟ್ಟಿಯಾಗಿ, ಕಾಲೇಜಿನ ಇಂಗ್ಲಿಷ್ ಮೇಷ್ಟ್ರ ಮುಂದೋ ಗೆಳೆಯನ ಮುಂದೋ ಹೇಳಿ ರೂಢಿ ಮಾಡಿಕೊಳ್ಳಿ. ಉರು ಹೊಡೆದ ಉತ್ತರ ಬೇಡ. ತಾರೀಖು ಫೈಲಿಗೆ ಹೊಂದಿದರೆ ಸಾಕು.

ಒಂದು ಪ್ರಶ್ನೆಗೆ ಮಾತ್ರ ಚೆನ್ನಾಗಿ ಯೋಚಿಸಿಟ್ಟುಕೊಳ್ಳಿ: ‘ಮತ್ತೆ ಬಂದರೆ ಏನು ಮಾಡುತ್ತೀರಿ?’ ‘ಮತ್ತೆ ಬರುವುದೇ ಇಲ್ಲ ಸಾರ್’ ಎನ್ನುವುದು ಕೆಟ್ಟ ಉತ್ತರ. ನಿದ್ದೆ ಕೆಡುವುದು, ಊಟ ಬೇಡವಾಗುವುದು, ಜನರನ್ನು ತಪ್ಪಿಸುವುದು, ಹೀಗೆ ನಿಮ್ಮ ಮೊದಲ ಸೂಚನೆ ಯಾವುದೋ ಅದನ್ನು ಹೇಳಿ. ಅದು ಕಂಡ ದಿನವೇ ಹಾರಾಟ ನಿಲ್ಲಿಸಿ ಯಾರಿಗೆ ತಿಳಿಸುತ್ತೀರಿ, ಯಾವ ವೈದ್ಯರ ಬಳಿ ಹೋಗುತ್ತೀರಿ ಎಂದು ಹೇಳಿ. ತನ್ನ ಕಾಯಿಲೆಯ ಗುರುತು ಬಲ್ಲವನ ಮೇಲೆ ವೈದ್ಯರಿಗೆ ನಂಬಿಕೆ ಹುಟ್ಟುತ್ತದೆ.

12. ‘ಟೆಂಪರರಿ ಅನ್‌ಫಿಟ್’ ಎಂದರೆ ಸೋತಿರಿ ಎಂದಲ್ಲ

ಹೆಸರೇ ಹೇಳುವಂತೆ ಅದು ತಾತ್ಕಾಲಿಕ. ಯಾವ ಕಾರಣಕ್ಕೆ, ಎಷ್ಟು ತಿಂಗಳಿಗೆ, ಮತ್ತೆ ಬರುವಾಗ ಯಾವ ವರದಿ ತರಬೇಕು ಎಂದು ಬರಹದಲ್ಲಿ ತೆಗೆದುಕೊಳ್ಳಿ. ಆ ತಿಂಗಳುಗಳಲ್ಲಿ ವೈದ್ಯರನ್ನು ನಿಯಮಿತವಾಗಿ ಕಂಡು ಪ್ರತಿ ಸಲವೂ ಚೀಟಿಯಲ್ಲಿ ನಮೂದಿಸಿಕೊಳ್ಳಿ. ಸಂಡೂರು, ಹೊಸಪೇಟೆಯಂಥ ತಾಲ್ಲೂಕು ಕೇಂದ್ರಗಳ ಸರ್ಕಾರಿ ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ದಿನ, ವೇಳೆ ವಿಚಾರಿಸಿಕೊಂಡು ಹೋಗಿ. ಕಾಯಂ ಅನರ್ಹ ಎಂದರೂ ಮೇಲ್ಮನವಿಗೆ ಅವಕಾಶವಿದೆ. ಆಗ ಹೊಸ ಸಾಕ್ಷ್ಯ, ತಜ್ಞರ ಹೊಸ ಅಭಿಪ್ರಾಯ ಕೈಯಲ್ಲಿರಬೇಕು. ಅದೇ ಹಳೆಯ ಫೈಲನ್ನು ಮತ್ತೆ ಕೊಟ್ಟರೆ ಅದೇ ಉತ್ತರ ಬರುತ್ತದೆ.

ಅಮೆರಿಕದ ಸಂಬಂಧಿಕರು ‘ಇಲ್ಲಿ ಮಾಡಿಸು, ಸುಲಭ’ ಎಂದಾರು. ಅಲ್ಲಿಯ ಫಾರಂನಲ್ಲೂ ಖಿನ್ನತೆ, ಆತಂಕದ ಪ್ರಶ್ನೆಯಿದೆ, ಕಳೆದ ಮೂರು ವರ್ಷದಲ್ಲಿ ಕಂಡ ವೈದ್ಯರ ಪಟ್ಟಿಯನ್ನೂ ಕೇಳುತ್ತಾರೆ. ಅಲ್ಲಿ ಮೆಡಿಕಲ್ ಸಿಕ್ಕಿ, 200 ಗಂಟೆ ಹಾರಿ ಬಂದರೂ ಇಲ್ಲಿ ಹಾರಿಸಲು ಡಿಜಿಸಿಎ ಕ್ಲಾಸ್ 1 ಬೇಕೇ ಬೇಕು. ವಿದೇಶಕ್ಕೆ ಹೊರಡುವ ಮುನ್ನವೇ ಅದನ್ನು ಮಾಡಿಸಿಕೊಳ್ಳಿ.

13. ವಿಮಾನದ ಲೋಕಕ್ಕೆ ಇನ್ನೂ ಬಾಗಿಲುಗಳಿವೆ

ಡ್ರೋನ್ ಪೈಲಟ್ ಆಗಲು 2021ರ ಡ್ರೋನ್ ನಿಯಮಗಳಂತೆ ವಯಸ್ಸು 18ರಿಂದ 65ರೊಳಗಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ಮಾನ್ಯ ಸಂಸ್ಥೆಯಲ್ಲಿ ತರಬೇತಿ ಆಗಿರಬೇಕು. ಕ್ಲಾಸ್ 1 ಮೆಡಿಕಲ್ ಕೇಳುವುದಿಲ್ಲ. ತುಂಗಭದ್ರೆಯ ಬತ್ತದ ಬಯಲು, ಸಂಡೂರಿನ ಗಣಿಗಳ ಅಳತೆ ಎರಡಕ್ಕೂ ಡ್ರೋನ್ ಒದಗುತ್ತದೆ. ವಿಮಾನ ದುರಸ್ತಿಯ ಎಂಜಿನಿಯರ್, ನಿಲ್ದಾಣದ ಕಾರ್ಯಾಚರಣೆ, ವಿಮಾನ ವಿನ್ಯಾಸ ಇವೆ. ಏರ್ ಟ್ರಾಫಿಕ್ ಕಂಟ್ರೋಲರ್ ಆಗುವುದಾದರೆ ಕ್ಲಾಸ್ 3 ಮೆಡಿಕಲ್ ಬೇಕು, ಅದರಲ್ಲೂ ಮಾನಸಿಕ ತಪಾಸಣೆ ಇದೆ.

14. ಲೈಸೆನ್ಸ್ ಬಂದ ಮೇಲೂ ಒಬ್ಬಂಟಿಯಾಗಬೇಡಿ

ಜರ್ಮನ್‌ವಿಂಗ್ಸ್ ದುರಂತದ ಪಾಠದಿಂದ ಯುರೋಪಿನ ಕಂಪನಿಗಳು 2021ರ ಫೆಬ್ರುವರಿಯಿಂದ ಪೈಲಟ್‌ಗಳಿಗೆ ಸಹೋದ್ಯೋಗಿ ನೆರವಿನ ವ್ಯವಸ್ಥೆ ಒದಗಿಸಬೇಕಾಯಿತು. ಪೈಲಟ್ ತನ್ನ ಸಂಕಟವನ್ನು ತರಬೇತಿ ಪಡೆದ ಇನ್ನೊಬ್ಬ ಪೈಲಟ್‌ಗೆ ಗುಟ್ಟಾಗಿ ಹೇಳಿಕೊಳ್ಳುವ ಏರ್ಪಾಡು ಅದು. ನಮ್ಮ ಡಿಜಿಸಿಎ ಕೂಡ 2023ರ ಫೆಬ್ರುವರಿಯಲ್ಲಿ ಪೈಲಟ್ ಮತ್ತು ಕಂಟ್ರೋಲರ್‌ಗಳ ಮಾನಸಿಕ ಆರೋಗ್ಯಕ್ಕೆಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇದನ್ನು ಸೇರಿಸಿದೆ. ಕೆಲಸಕ್ಕೆ ಸೇರಿದ ವಾರವೇ ನಿಮ್ಮ ಕಂಪನಿಯಲ್ಲಿ ಈ ವ್ಯವಸ್ಥೆಯ ಹೊಣೆ ಯಾರದೆಂದು ಕೇಳಿ ನಂಬರ್ ಬರೆದಿಟ್ಟುಕೊಳ್ಳಿ. ವಿಮಾನಯಾನ ಕಂಪನಿಗಳಿಗೂ ಒಂದು ಮಾತು: ನೆರವು ಕೇಳಿದ ಪೈಲಟ್‌ಗೆ ಸಂಬಳ ನಿಲ್ಲಿಸಿದರೆ ಮುಂದೆ ಯಾರೂ ಕೇಳಲಾರರು. ಮಾರ್ಗಸೂಚಿ ಕಾಗದದಲ್ಲಿದ್ದರೆ ಸಾಲದು, ಗುಣವಾಗಿ ಬಂದವನಿಗೆ ಸೀಟು ಕಾದಿರಿಸಿ.

15. ಈಗ, ಈ ರಾತ್ರಿ ತಡೆದುಕೊಳ್ಳಲು ಆಗುತ್ತಿಲ್ಲವೆಂದರೆ

ಮೆಡಿಕಲ್ಲು, ಲೈಸೆನ್ಸು, ಈ ಸೂತ್ರಗಳು ಎಲ್ಲವನ್ನೂ ಬದಿಗಿಡಿ. ಮನೆಯಲ್ಲಿ ಒಬ್ಬರನ್ನು ಎಬ್ಬಿಸಿ ಹೇಳಿ. ಟೆಲಿ ಮನಸ್ ಸಹಾಯವಾಣಿಯ ನಂಬರ್ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ.